ತಪ್ಪಿಸಿದ ಐದು ಹೊತ್ತಿನ ಔಷಧ

ಅಪ್ಪ ಅಂಗಿಯ ಗುಂಡಿಗಳನ್ನು ಒಂದೊಂದು ಕಾಜ ಕೆಳಗೆ ಹಾಕಿಕೊಂಡಿದ್ದರು. ಕಾಲರಿನ ಒಂದು ತುದಿ ಕಿವಿಯ ಹತ್ತಿರ ಎದ್ದು ನಿಂತಿತ್ತು. ಬಿನ್ನಿಪೇಟೆಯ ಮಿಲ್ಲಿನಲ್ಲಿ ಮೂವತ್ತು ವರ್ಷ, ನೇಯ್ದು ಬಂದ ಬಟ್ಟೆಯಲ್ಲಿ ತಪ್ಪಿದ ಎಳೆಯನ್ನು ಹುಡುಕಿ ಗುರುತು ಹಾಕುತ್ತಿದ್ದವರು ಅವರು. ನಾನು ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದೆ. ಗಾಬರಿಗೆ ಹೀಗಾಗಿದೆ ಅಂದುಕೊಂಡೆ. ಆ ಭಾನುವಾರ ಮಧ್ಯಾಹ್ನ ನನ್ನನ್ನು ನೋಡಲು ವಿಜಯನಗರದಿಂದ ಗಂಡಿನ ಕಡೆಯವರು ಬರುವವರಿದ್ದರು.

ಅಪ್ಪನ ಲಿವರ್ ಕೆಟ್ಟು ಒಂದು ವರ್ಷವಾಗಿತ್ತು. ಅವರು ಎಂದೂ ಕುಡಿದವರಲ್ಲ. ಯಾವಾಗಲೋ ಬಂದಿದ್ದ ಕಾಮಾಲೆ ಒಳಗೇ ಉಳಿದುಕೊಂಡು ಕೆಡಿಸಿತ್ತು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದುದರಿಂದ ಡಾಕ್ಟರು ಎಲ್ಲವನ್ನೂ ನನಗೇ ವಿವರಿಸಿದ್ದರು. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ತೆಗೆದುಹಾಕದಿದ್ದರೆ ಅದು ರಕ್ತದ ಜೊತೆ ಮಿದುಳಿಗೆ ಹೋಗುತ್ತದೆ, ಅಲ್ಲಿನ ರಾಸಾಯನಿಕಗಳ ಸಮತೋಲ ಕೆಡುತ್ತದೆ. ಮೊದಲು ಹಗಲು ನಿದ್ದೆ, ಆಮೇಲೆ ಕೈ ಅದುರುವುದು, ಆಮೇಲೆ ಜನರ ಗುರುತೇ ಹೋಗುವುದು. ದಿನಕ್ಕೆ ಮೂರು ಹೊತ್ತು ಒಂದು ಸಿಹಿ ಸಿರಪ್ ಕೊಡಬೇಕು; ಭೇದಿಯಾದರೆ ಅಮೋನಿಯಾ ಹೊರಗೆ ಹೋಗುತ್ತದೆ. "ಭೇದಿ ಆಗ್ತಿದೆ ಅಂತ ನಿಲ್ಲಿಸ್ಬೇಡಿ. ಅದು ಆಗ್ಲೇಬೇಕು" ಎಂದಿದ್ದರು. ಬಾಟಲಿಯ ಜವಾಬ್ದಾರಿ ನನ್ನದು. ಅಮ್ಮನಿಗೆ ಅದರ ಮೇಲಿನ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ.

ರಾಜಾಜಿನಗರದ ನಮ್ಮ ವಠಾರದಲ್ಲಿ ಮೂರು ಮನೆಗೆ ಒಂದೇ ಕಕ್ಕಸು. ನಮ್ಮ ಮುಂದಿನ ಕೋಣೆಯನ್ನು ದಾಟಿ, ಬಕೆಟ್ಟಿನಲ್ಲಿ ನೀರು ಹಿಡಿದುಕೊಂಡು ಅಂಗಳದ ಕೊನೆಯವರೆಗೆ ನಡೆಯಬೇಕು. ಶುಕ್ರವಾರ ಊಟವಾದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು: "ಅವ್ರು ಬಂದು ಕೂತಿರ್ವಾಗ ನಾನು ಬಕೆಟ್ ಹಿಡ್ಕೊಂಡು ಅವ್ರ ಮುಂದೇನೇ ಓಡಾಡ್ಲೇನಮ್ಮ? ಭಾನುವಾರ ಕಳೀಲಿ, ಆಮೇಲೆ ಕುಡೀತೀನಿ."

ಆಗುವುದಿಲ್ಲ ಎನ್ನಬೇಕಿತ್ತು. ಆದರೆ ಆ ಬಕೆಟ್ಟನ್ನು ಅವರಿಗಿಂತ ಮೊದಲೇ ನಾನು ಮನಸ್ಸಿನಲ್ಲಿ ನೋಡಿ ನಾಚಿಕೊಂಡಿದ್ದೆ. "ಆಯ್ತಪ್ಪ" ಎಂದೆ. ಅಮ್ಮನಿಗೆ ಹೇಳಲಿಲ್ಲ. ಶನಿವಾರ ಮೂರು ಹೊತ್ತು, ಭಾನುವಾರ ಎರಡು ಹೊತ್ತು ಕೊಡಲಿಲ್ಲ. ಶನಿವಾರವಿಡೀ ಅವರು ಮಲಗಿದ್ದರು. ಸದ್ಯ, ವಿಶ್ರಾಂತಿಯಾಯಿತು ಅಂದುಕೊಂಡೆ.

ಹುಡುಗ, ಅವನ ತಂದೆ, ಸೋದರಮಾವ ಬಂದು ಕೂತರು. ನಾನು ಕಾಫಿ ತಂದೆ. ಲೋಟಕ್ಕೆ ಚಾಚಿದ ಅಪ್ಪನ ಕೈ ಮಣಿಕಟ್ಟಿನಲ್ಲಿ ಕುಸಿದು, ಎದ್ದು, ಮತ್ತೆ ಕುಸಿಯಿತು. ಕಾಫಿ ಪಂಚೆಯ ಮೇಲೆ ಚೆಲ್ಲಿತು.

ಸೋದರಮಾವ ನಕ್ಕರು. "ಏನ್ ಯಜಮಾನ್ರೇ, ಮಧ್ಯಾಹ್ನಾನೇ ಸ್ವಲ್ಪ ಹಾಕ್ಬಿಟ್ಟಿದೀರೋ ಹೇಗೆ?"

"ಅವ್ರು ಕಾಫಿ ಬಿಟ್ರೆ ಬೇರೇನೂ ಮುಟ್ಟೋರಲ್ಲ" ಎಂದರು ಅಮ್ಮ, ಬಾಗಿಲ ಹಿಂದಿನಿಂದ.

ಅಪ್ಪ ಹುಡುಗನ ತಂದೆಗೆ ಕೈಮುಗಿದರು. "ಸಾರ್, ಎರಡನೇ ಶಿಫ್ಟಿನ ಬಟ್ಟೆ ಇನ್ನೂ ಬಂದಿಲ್ಲ. ಬಂದ ಕೂಡ್ಲೇ ನೋಡಿ ಕಳಿಸ್ತೀನಿ." ಆಮೇಲೆ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ಅಪ್ಪ ಬಹಳ ಹೊತ್ತು ನೋಡಿದರು. "ನೀವು ಯಾರ ಮನೆಯೋರಮ್ಮ? ನಿಂತೇ ಇದೀರಲ್ಲ, ಕೂತ್ಕೊಳ್ಳಿ."

ನಾನು ಕೂತೆ. ಅಪ್ಪ ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಬಂದವರು ಕಾಫಿ ಮುಗಿಸದೆ ಎದ್ದರು. ದೀಪ ಹಚ್ಚುವ ಹೊತ್ತಿಗೆ ಎಷ್ಟು ಅಲುಗಿಸಿದರೂ ಅಪ್ಪ ಏಳಲಿಲ್ಲ. ಆಟೋದಲ್ಲಿ ನಾನೂ ಅಮ್ಮನೂ ಅವರನ್ನು ನಡುವೆ ಒರಗಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಸಿರಪ್ ಸರಿಯಾಗಿ ಕೊಡ್ತಿದ್ರಾ?" ಎಂದು ಡ್ಯೂಟಿ ಡಾಕ್ಟರು ಕೇಳಿದರು.

"ಒಂದು ಹೊತ್ತೂ ತಪ್ಪಿಸಿಲ್ಲ ಸಾರ್" ಎಂದರು ಅಮ್ಮ. "ನನ್ ಮಗಳು ಗಡಿಯಾರ ನೋಡ್ಕೊಂಡು ಕೊಡ್ತಾಳೆ."

ಡಾಕ್ಟರು ನನ್ನತ್ತ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಬರೆದುಕೊಂಡರು. "ಹಾಗಾದ್ರೆ ಔಷಧಿ ನಾಟ್ತಿಲ್ಲ. ಲಿವರ್ ಪೂರ್ತಿ ಹೋಗಿರ್ಬೇಕು." ಅಮ್ಮ ಮಂಚದ ಕಂಬಿ ಹಿಡಿದುಕೊಂಡು ನೆಲದ ಮೇಲೆ ಕೂತರು.

ಮರುದಿನ ಬೆಳಿಗ್ಗೆ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದು, ಡ್ಯೂಟಿ ಡಾಕ್ಟರು ಬರೆದಿಟ್ಟ ಹಾಳೆಯನ್ನು ಓದುತ್ತಿದ್ದಾಗ ನಾನು ಎದ್ದು ನಿಂತೆ. "ಅದು ತಪ್ಪು ಸಾರ್. ಐದು ಹೊತ್ತು ಕೊಟ್ಟಿಲ್ಲ. ನಿಲ್ಲಿಸಿದ್ದು ನಾನು" ಎಂದೆ. ಅಮ್ಮ ಪಕ್ಕದಲ್ಲೇ ಇದ್ದರು. ಅಪ್ಪನೇ ಕೇಳಿದ್ದರು ಎಂಬುದನ್ನು ನಾನು ಹೇಳಲಿಲ್ಲ.