ನಾಲ್ಕು ಟೈರು ಮತ್ತು ಮುಧೋಳದ ಷಡ್ಡಕ

ಬುಧವಾರ ಬೆಳಿಗ್ಗೆ ಎಂಟೂವರೆಗೆ ಜಮಖಂಡಿಯಿಂದ ಹೊರಟೆ. ನಾನು ರಸಾಯನಶಾಸ್ತ್ರ ಕಲಿಸುವ ಕಾಲೇಜಿಗೆ ರಜೆ ಹಾಕಿದ್ದೆ. ಹೆಂಡತಿ ಸುನಂದಾ ಬೀಳಗಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ದಿನವೂ ನಮ್ಮ ಕಾರಿನಲ್ಲೇ ಹೋಗಿಬರುವವಳು ಅಂದು ಕಾರು ನನಗೆ ಬಿಟ್ಟು ಬಸ್ಸು ಹತ್ತಿದ್ದಳು. ಹೋಗುವಾಗ ಹೇಳಿದ್ದು ಇಷ್ಟೇ: "ಇವತ್ತ ಟೈರ್ ಹಾಕ್ಸೇ ಬಿಡ್ರಿ. ಸಂಜಿಕ ಐದಕ್ಕ ಸಾಲಿ ಮುಂದ ಬರ್ರಿ."

ನಮ್ಮದು ನೆಲಕ್ಕೆ ತಗ್ಗಿ ಕೂತ ಕೆಂಪು ಸ್ಪೋರ್ಟ್ಸ್ ಸೆಡಾನ್, ಸೆಕೆಂಡ್ ಹ್ಯಾಂಡ್. ಅದನ್ನು ತಂದ ದಿನ ಓಣಿಯವರೆಲ್ಲ ಬಂದು ನೋಡಿ ಹೋಗಿದ್ದರು. ಸರಿಯಾಗಿ ಒಂದು ತಿಂಗಳಿಗೆ ಮುಧೋಳದ ಶ್ರೀಶೈಲ ಅದೇ ಕಾರಿನ ಹೊಸದನ್ನೇ ತಂದ. ಶ್ರೀಶೈಲ ನನ್ನ ಷಡ್ಡಕ, ಸುನಂದಾಳ ಅಕ್ಕನ ಗಂಡ. ಕಾರ್ಖಾನೆಗಳಿಗೆ ಕಬ್ಬು ಸಾಗಿಸುವ ಗುತ್ತಿಗೆದಾರ. ತಲೆತುಂಬ ಕೂದಲಿದೆ. ಅವನು ಹೇಳುವ ಹಳೆಯ ಹಾಸ್ಯಕ್ಕೂ ನನ್ನ ಹೆಂಡತಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಾಳೆ. ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಇದೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆರು ತಿಂಗಳ ಹಿಂದೆ ಅವನು ಹೊಸ ಟೈರು ಹಾಕಿಸಿದ್ದ. ಅದಕ್ಕಿಂತ ಒಂದು ಕೈ ಮೇಲಿನದನ್ನೇ ಹಾಕಿಸಬೇಕು ಎಂಬುದು ಆ ದಿನದ ನನ್ನ ಗುರಿಯಾಗಿತ್ತು.

ಹಿಂಗಾರು ಮಳೆ ರಾತ್ರಿಯೆಲ್ಲ ಸುರಿದು ಬೆಳಿಗ್ಗೆ ನಿಂತಿತ್ತು. ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹೊಲದ ದಾರಿಯಿಂದ ರಸ್ತೆಗೆ ಏರುವಲ್ಲೆಲ್ಲ ಡಾಂಬರಿನ ಮೇಲೆ ಎರೆಮಣ್ಣಿನ ತೆಳು ಲೇಪ ಬಿದ್ದಿತ್ತು. ಮುಧೋಳಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗಿ ತಲುಪಿದಾಗ ಒಂಬತ್ತೂಕಾಲು ದಾಟಿತ್ತು.

ಬಸ್ ನಿಲ್ದಾಣದ ಹತ್ತಿರದ ದೊಡ್ಡ ಟೈರ್ ಅಂಗಡಿಗೆ ಹೋದೆ. ಮಾಲೀಕರು ಚಹಾ ತರಿಸಿದರು. ನಮ್ಮ ಅಳತೆ ೨೨೫/೪೫, ಹದಿನೇಳು ಇಂಚು. ಆ ಅಳತೆಯಲ್ಲಿ ಬಾಣದ ಗುರುತಿನ ಅಗಲ ಪಟ್ಟಿಗಳಿದ್ದ ಸ್ಪೋರ್ಟ್ ಟೈರೊಂದನ್ನು ಉರುಳಿಸಿ ತಂದರು. ನೋಡಿದ ಕೂಡಲೇ ಮನಸ್ಸು ಅದಕ್ಕೆ ಹೋಯಿತು. ಶ್ರೀಶೈಲನ ಟೈರು ಅದರ ಮುಂದೆ ಹೊಸ ಅಳಿಯನ ಮುಂದೆ ಹಳೇ ಮಾವನ ಹಾಗೆ ಕಂಡೀತು. ಆದರೆ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿದೆ. ಮೊದಲೆರಡು ಅಂಕಿ ತಯಾರಾದ ವಾರ, ಕೊನೆಯೆರಡು ವರ್ಷ. ಟೈರಿಗೆ ಮೂರು ವರ್ಷ ತುಂಬುತ್ತ ಬಂದಿತ್ತು. ಹಳೆಯ ರಬ್ಬರು ಗಡುಸಾಗುತ್ತದೆ ಎಂದು ತರಗತಿಯಲ್ಲಿ ನಾನೇ ಕಲಿಸುತ್ತೇನೆ. ಹಾಗಿದ್ದರೂ 'ಹಾಕಿ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅಂಗಡಿಯ ಮುಂದೆ ಇನ್ನೊಂದು ಕೆಂಪು ಕಾರು ನಿಂತಿತು. ನಮ್ಮ ಕಡೆ ಊರಿಗೆ ಬೀಗರೋ ಷಡ್ಡಕರೋ ಬಂದರೆ ಅಂಗಡಿಯವರು ಫೋನ್ ಮಾಡಿ ತಿಳಿಸಲೇಬೇಕು, ಇಲ್ಲದಿದ್ದರೆ ಅವರ ಮೇಲೆ ಮುನಿಸು. ಶ್ರೀಶೈಲ ಇಳಿದ. ಹಿಂದಿನ ಸೀಟಿನಲ್ಲಿ ಅವನ ಮುಧೋಳ ನಾಯಿ ಕತ್ತು ನಿಗುರಿಸಿ ಕೂತಿತ್ತು. ಅದು ಸುನಂದಾಳ ಮಡಿಲಲ್ಲಿ ತಲೆ ಇಡುತ್ತದೆ. ನನ್ನನ್ನು ಮಾತ್ರ ಪ್ರತಿ ಸಲವೂ ಹೊಸಬನಂತೆ ನೋಡುತ್ತದೆ.

"ಏನ್ರಿ ಸರ, ಮುಧೋಳಕ್ಕ ಬಂದು ಮನಿ ಬಿಟ್ಟು ಅಂಗಡ್ಯಾಗ ಕುಂತೀರಿ?" ಎಂದ. ಆಮೇಲೆ ಟೈರು ನೋಡಿ, "ಇದು ಒಣಾ ರಸ್ತಾಕ್ಕ ಛಲೋ. ನಮ್ಮ ರಾಡಿಗೆ ಬ್ಯಾಡ್ರಿ. ಸುನಂದಾ ಜಾರಿದ ಮ್ಯಾಲೆ ನಾ ಬೀಳಗಿಗೆ ಹೋಗಿ ಗಾಡಿ ನೋಡಿ ಆಕಿಗೆ ಹೇಳೇನಿ, ನನ್ನ ಗಾಡೀದು ಐತಲ್ಲ, ಅದ ಆಲ್ ಸೀಸನ್ ಹಾಕ್ಸ್ರಿ ಅಂತ" ಎಂದ.

ಜಾರಿದ ಮೇಲೆ? ನನಗೆ ಏನೂ ಗೊತ್ತಿರಲಿಲ್ಲ. ನನ್ನ ಮುಖ ನೋಡಿ ಅವನ ದನಿ ತಗ್ಗಿತು. "ಹೋದ ಗುರುವಾರ. ಬೀಳಗಿ ರಸ್ತಾದಾಗ ಟ್ರ್ಯಾಕ್ಟರ್ ಏರೂ ತಿರುವಿನ್ಯಾಗ. ಗಾಡಿ ಅರ್ಧಾ ತಿರುಗಿ ಕಬ್ಬಿನ ಟ್ರ್ಯಾಕ್ಟರ್ ಮುಂದ ಹೋಗಿ ನಿಂತಿತ್ತಂತ. ನಿಮಗ ಹೇಳಿಲ್ಲೇನು?"

"ಹೇಳ್ಯಾಳ, ಮರ್ತಿದ್ದೆ" ಎಂದೆ. ಹೆಂಡತಿ ಟ್ರ್ಯಾಕ್ಟರಿನ ಅಡಿ ಹೋಗುತ್ತಿದ್ದದ್ದನ್ನು ಯಾವ ಗಂಡನಾದರೂ ಮರೆಯುತ್ತಾನೆಯೇ? ಶ್ರೀಶೈಲ ಮುಂದೆ ಕೇಳಲಿಲ್ಲ. ಅದೂ ಅವನ ದೊಡ್ಡತನವೇ, ಅದಕ್ಕೂ ನನಗೆ ಮೈ ಉರಿಯಿತು.

ಟೈರು ಅಲ್ಲೇ ಬಿಟ್ಟು ಅವನ ಮನೆಗೆ ಹೋಗಿ ಮಧ್ಯಾಹ್ನದ ಊಟಕ್ಕೂ ನಿಂತೆ, ತಪ್ಪಿಸಿಕೊಳ್ಳಲು ಆಗಲಿಲ್ಲ. ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಊಟ ಬಹಳ ರುಚಿಯಾಗಿತ್ತು, ನಾನು ಒಂದೇ ರೊಟ್ಟಿಗೆ ಎದ್ದೆ. ಕೈ ತೊಳೆಯುವಾಗ ಕೇಳಿಯೇಬಿಟ್ಟೆ: "ನನಗಿಂತ ಮೊದಲ ನಿಮಗ ಯಾಕ ಹೇಳಿದಳು?"

ಅವನು ಟವೆಲ್ ಕೊಡುತ್ತ, "ಹೋದ ವರ್ಷ ನಾನೂ ಅಲ್ಲೇ ಜಾರಿ ಗಟಾರಕ್ಕ ಹೋಗಿದ್ನಲ್ಲ. ದೀಪಾವಳಿಯಾಗ ಎಲ್ಲಾರ ಮುಂದ ಹೇಳಿ ನಕ್ಕಿದ್ದೆ. ಅದಕ್ಕ ಹೇಳಿರಬೇಕ, ಬ್ಯಾರೆ ಏನಿಲ್ಲ" ಎಂದ.

ಮಹಾಲಿಂಗಪುರದ ದಾರಿ ಹಿಡಿದು ಬನಹಟ್ಟಿಗೆ ಹೊರಟೆ. ದಾರಿಯುದ್ದಕ್ಕೂ ಆ ಗುರುವಾರವೇ ನೆನಪಾಗುತ್ತಿತ್ತು. ಅಂದು ಸಂಜೆ ಅವಳು ಗೇಟಿನ ಬಳಿ ಸುಮ್ಮನೆ ನಿಂತಿದ್ದಳು. ಕಾರಿನ ಬಾಗಿಲವರೆಗೂ ರಾಡಿ ಸಿಡಿದಿದ್ದನ್ನು ನೋಡಿ ನಾನು, ಹೊಸದಾಗಿ ಪಾಲಿಶ್ ಮಾಡಿಸಿದ ಬಣ್ಣ ಹೋಯಿತೆಂದು ರೇಗಿದ್ದೆ. ಟಾರ್ಚ್ ತಂದು ಗೀರು ಬಿದ್ದಿದೆಯೇ ಎಂದು ಸುತ್ತ ನೋಡಿದ್ದೆ. ಅವಳು ಒಳಗೆ ಹೋಗಿ ಅಡುಗೆಗೆ ಇಟ್ಟಳು. ಇಷ್ಟೆಲ್ಲ ನೆನಪಾದರೂ ನನ್ನ ಸಿಟ್ಟು ಹೋಗಿದ್ದು ಶ್ರೀಶೈಲನ ಮೇಲೆಯೇ.

ಬನಹಟ್ಟಿಯಲ್ಲಿ ಯಾರ ಪರಿಚಯವೂ ಇಲ್ಲ, ಅದಕ್ಕೇ ಅಲ್ಲಿಗೆ ಹೋದದ್ದು. ಮಗ್ಗಗಳ ಸದ್ದಿನ ಓಣಿಯ ಕೊನೆಗೆ ಗುರುಲಿಂಗಪ್ಪ ಎಂಬುವರ ಟೈರ್ ಅಂಗಡಿ ಸಿಕ್ಕಿತು. ಮೂವತ್ತು ವರ್ಷ ಸೀರೆ ನೇಯ್ದು, ಮಗ್ಗ ಮಾರಿ ಈ ಕೆಲಸಕ್ಕೆ ಬಂದವರು. ಅವರು ಅಳತೆಗೋಲು ಮುಟ್ಟಲಿಲ್ಲ. ಕಣ್ಣು ಮುಚ್ಚಿ ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿದರು, ಮೊದಲು ಆ ಕಡೆಯಿಂದ, ಆಮೇಲೆ ಈ ಕಡೆಯಿಂದ. ನೇಯ್ಗೆಯಲ್ಲಿ ಸಡಿಲಾದ ಎಳೆ ಹುಡುಕುವ ರೀತಿಯೂ ಇದೇ ಎಂದರು.

"ನಡುವಿನ ಪಟ್ಟಿ ಛಲೋ ಐತಿ. ಹೊರಗಿನ ಅಂಚು ಪೂರಾ ಸವದೈತಿ. ತಿರುವಿನ್ಯಾಗ ಜೋರ್ ಹೊಡಿಯೂ ಮಂದಿ ಯಾರ್ರಿ?"

ಪ್ರತಿ ಭಾನುವಾರ ಚಿಕ್ಕಪಡಸಲಗಿ ಬ್ಯಾರೇಜಿನ ಕಡೆ ಒಬ್ಬನೇ ಹೋಗಿ, ತಿರುವುಗಳಲ್ಲಿ ಟೈರು ಕಿರುಗುಟ್ಟುವಂತೆ ಓಡಿಸುವವನು ನಾನು. ಶ್ರೀಶೈಲನ ಕಾರಿಗೆ ಇದು ಸಾಧ್ಯವೇ ಎಂದು ಮನಸ್ಸಿನಲ್ಲೇ ಕೇಳುತ್ತ ಓಡಿಸುತ್ತೇನೆ.

"ಮನಿಯಾಕಿ" ಎಂದೆ.

"ಹಂಗಾರ ಆಕಿಗೆ ಹೇಳ್ರಿ. ಈ ಅಂಚಿಲೆ ಮಳ್ಯಾಗ ಹೋದ್ರ ಜೀವಕ್ಕ ಬರತೈತಿ" ಎಂದರು. ಆಗಲೂ ನನ್ನ ಮಾತು ತಿದ್ದಲಿಲ್ಲ.

ಆಲ್ ಸೀಸನ್ ಬಿಟ್ಟು ಬೇರೆ ಯಾವುದಾದರೂ ಆದೀತು ಎಂದು, ಉಬ್ಬು ದಪ್ಪಗಿದ್ದ ಒಂದನ್ನು ತೋರಿಸಿದೆ. ನಮ್ಮ ಭಾಗದಲ್ಲಿ ಎಲ್ಲರೂ ಟ್ರ್ಯಾಕ್ಟರ್ ನೋಡಿ ಬೆಳೆದವರು. ಉಬ್ಬು ದೊಡ್ಡದಿದ್ದಷ್ಟೂ ಹಿಡಿತ ಜಾಸ್ತಿ ಎಂದು ನಂಬುತ್ತೇವೆ. ಗುರುಲಿಂಗಪ್ಪ ನಗಲಿಲ್ಲ. ಅಂಗಳದ ಹಸಿ ಎರೆಮಣ್ಣನ್ನು ಕೈಯಲ್ಲಿ ತಂದು ಆ ಟೈರಿಗೆ ಒತ್ತಿದರು. ಉಬ್ಬಿನ ಸಂದುಗಳೆಲ್ಲ ತುಂಬಿ ಟೈರು ನುಣ್ಣಗಾಯಿತು. "ಹೊಲದಾಗ ಇದು ಸರಿ. ಡಾಂಬರ್ ಮ್ಯಾಲೆ ರಾಡಿ ತೆಳ್ಳಗ ಇರತೈತಿ, ಅದನ್ನ ಕೊಯ್ಯಾಕ ಸಣ್ಣ ಸೀಳು ಬೇಕ" ಎಂದು ಒಳಗಿನಿಂದ ಇನ್ನೊಂದು ಟೈರು ತಂದರು. ಅಂಚಿನ ತನಕ ಕೂದಲಿನಂಥ ಸೀಳುಗಳಿದ್ದವು, ತಯಾರಾಗಿ ಎರಡು ತಿಂಗಳಾಗಿತ್ತು. ಕಂಪನಿಯೂ ನಮೂನೆಯೂ ಶ್ರೀಶೈಲನ ಕಾರಿನದೇ.

"ಬ್ಯಾರೆ ಇಲ್ಲೇನ್ರಿ?"

"ಅದಾವ್ರಿ, ಹಾಕ್ತೇನಿ. ಇದು ಯಾಕ ಬ್ಯಾಡ ಅನ್ನೂದನ್ನ ಒಂದ ಹೇಳ್ರಿ."

ಅದೇ ಇರಲಿ ಎಂದೆ. ನಾಲ್ಕನ್ನೂ ಹಾಕಿಸಿದೆ. ಜೋಡಿಸಿ, ಬ್ಯಾಲೆನ್ಸ್ ಮಾಡಿ, ಚಕ್ರದ ಕೋನ ಸರಿಪಡಿಸಲು ಒಂದೂವರೆ ತಾಸು ಹಿಡಿಯಿತು. ಅಷ್ಟರಲ್ಲಿ ಎದುರಿನ ಗಾಡಿಯಲ್ಲಿ ಚುರುಮುರಿ, ಎರಡು ಮಿರ್ಚಿ ತಿಂದೆ, ಮೂವತ್ತು ರೂಪಾಯಿ. ಹೊಸ ಟೈರಿನ ಮೇಲೆ ಅಚ್ಚಿನ ಜಿಡ್ಡು ಇರುತ್ತದೆ, ಮೊದಲ ನೂರು ಕಿಲೋಮೀಟರ್ ಸಾವಕಾಶ ಹೋಗಬೇಕು ಎಂದು ಗುರುಲಿಂಗಪ್ಪ ಎರಡು ಸಲ ಹೇಳಿ ಕಳಿಸಿದರು.

ಜಮಖಂಡಿಯ ಮೇಲೆ ಹಾಯ್ದು ಬೀಳಗಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ತುಂತುರು ಶುರುವಾಗಿತ್ತು. ಸುನಂದಾ ಛತ್ರಿ ಹಿಡಿದು ಬಂದು, ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಟೈರು ನೋಡಿದಳು. "ಭಾವ ಹೇಳಿದ್ದನ್ನ ಹಾಕ್ಸೀರಿ, ಛಲೋ ಆತು" ಎಂದಳು. ಇದು ಬನಹಟ್ಟಿಯವರು ಆರಿಸಿದ್ದು ಎಂದೆ. ಅವಳು ಕೈ ಚಾಚಿ ಕೀಲಿ ಕೇಳಿದಳು.

ಅವಳು ಓಡಿಸುವಾಗ ನಾನು ಪಕ್ಕದಲ್ಲಿ ಕೂತದ್ದು ಕಡಿಮೆ. ಮಳೆ ಜೋರಾಯಿತು. ಜಮಖಂಡಿ ಹತ್ತು ಕಿಲೋಮೀಟರ್ ಇದೆ ಎನ್ನುವಾಗ ಅವಳ ಬೆರಳುಗಳು ಸ್ಟಿಯರಿಂಗ್ ಮೇಲೆ ಬಿಗಿಯಾದವು. ಆ ತಿರುವು ಅದೇ ಎಂದು ಗೊತ್ತಾಯಿತು. ಟ್ರ್ಯಾಕ್ಟರೊಂದು ಆಗಷ್ಟೇ ಏರಿ ಹೋಗಿ ರಸ್ತೆಯೆಲ್ಲ ಕಪ್ಪಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಕ್ಷಣ, ಟೈರು ಒಂದು ಗೇಣಾದರೂ ಜಾರಲಿ, ಶ್ರೀಶೈಲನ ಮಾತು ಸುಳ್ಳಾಗಲಿ ಎಂದು ನಾನು ಬಯಸಿದೆ. ಹೆಂಡತಿ ಪಕ್ಕದಲ್ಲಿ ಉಸಿರು ಹಿಡಿದು ಕೂತಿದ್ದಾಗ ಹಾಗೆ ಬಯಸಿದೆ. ಟೈರು ಜಾರಲಿಲ್ಲ. ಕಾರು ರಾಡಿ ದಾಟಿ ನೆಟ್ಟಗೆ ಹೋಯಿತು.

ಅವಳು ಉಸಿರು ಬಿಟ್ಟಳು. "ಇಲ್ಲೇ ಜಾರಿತ್ರಿ ಹೋದ ವಾರ. ನಿಮಗ ಹೇಳಿರಲಿಲ್ಲ."

ನನ್ನ ಮೇಲೆ ನನಗೇ ಹೇಸಿಗೆ ಬಂದಿತ್ತು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನಿಸಿತು. "ಗೊತ್ತಾತು" ಎಂದೆ. "ಆದ್ರ ತಪ್ಪು ನಿಂದಲ್ಲ. ಐತಾರಕ್ಕೊಮ್ಮೆ ತಿರುವಿನ್ಯಾಗ ಜೋರ್ ಹೊಡದು ಟೈರಿನ ಅಂಚು ಸವಸಿದಾಂವ ನಾನ."

ಅವಳು ನನ್ನ ಕಡೆ ತಿರುಗಲಿಲ್ಲ. ಗೇರು ಇಳಿಸಿ ಕಾರಿನ ವೇಗ ತಗ್ಗಿಸಿದಳು. ನನ್ನ ಮಾತಿನಿಂದ ಅವಳ ಮನಸ್ಸು ಕರಗಿದೆ ಎಂದುಕೊಂಡೆ.

"ಗೊತ್ರಿ" ಎಂದಳು. "ಹೋದ ವಾರ ಟೈರ್ ನೋಡಿ ಭಾವ ಹೇಳಿದ್ರು."