ಅಂಟಿನುಂಡೆ ಹೊತ್ತು ಉತ್ತರಕ್ಕೆ

ಮಗು ಹುಟ್ಟುವ ಮುಂಚೆ ಅದಕ್ಕೆಂದು ಒಂದು ಟೊಪ್ಪಿಗೆಯನ್ನೂ ಕೊಳ್ಳಬಾರದು ಎನ್ನುವುದು ನಮ್ಮ ಧಾರವಾಡದ ಮನೆಯ ಕಟ್ಟುನಿಟ್ಟು. ಮಗಳು ಬಸುರಿ ಎಂದು ತಿಳಿದಾಗಿನಿಂದ ಲಂಡನ್ನಿನ ಎಜ್‌ವೇರಿನ ನಮ್ಮ ಮನೆಯಲ್ಲಿ ನಾನು ಕೈಕಟ್ಟಿ ಕೂತಿದ್ದೆ. ಟಿಕೆಟ್ಟನ್ನು ಕೂಡ ತೆಗೆಸಲಿಲ್ಲ. ಹೀಗಾಗಿ ನಾರ್ವೆಯ ಉತ್ತರದ ತುದಿಯಿಂದ ಹೆಣ್ಣುಮಗು ಎಂದು ಫೋನು ಬಂದಾಗ ನನ್ನ ಹತ್ತಿರ ಸಂತೋಷವೊಂದನ್ನು ಬಿಟ್ಟು ಬೇರೇನೂ ಸಿದ್ಧವಿರಲಿಲ್ಲ.

ಮಗಳು ಅಲ್ಲೊಂದು ಸಣ್ಣ ಊರಿನಲ್ಲಿ ಡಾಕ್ಟರು, ಅಳಿಯ ಆ ಊರಿನವನೇ. ಚಳಿಗಾಲ ಪೂರ್ತಿ ಸೂರ್ಯ ಮುಖ ತೋರಿಸದ ಜಾಗ ಅದು. ಬಾಣಂತನಕ್ಕೆ ಬರುತ್ತೇನೆ ಎಂದೆ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಚಿಕ್ಕಂದಿನಿಂದಲೂ ಇಂಗ್ಲಿಷಿನಲ್ಲಿ. ಬರಲೇಬೇಕು ಅಂತೇನಿಲ್ಲ ಮಮ್, ಇಲ್ಲಿ ನರ್ಸ್ ಮನೆಗೇ ಬರುತ್ತಾಳೆ, ನಿನಗೆ ಸುಮ್ಮನೆ ತ್ರಾಸು ಎಂದಳು. ಕಾಳಜಿಯಿಂದಲೇ ಹೇಳಿದ ಮಾತು. ಆದರೂ ಫೋನು ಇಟ್ಟ ಮೇಲೆ ನನಗೆ ನನ್ನದೇ ಚಿಂತೆ. ಹೋಗುವುದೇನೋ ಹೋಗುತ್ತೇನೆ, ಅಲ್ಲಿ ಇವಳಿಗೆ ನಾನು ತಾಯಿಯಾಗಿ ಬೇಕೋ, ಸೋಫಾದ ಮೇಲೆ ಕೂತು ಕಾಫಿ ಕುಡಿಯುವ ಅತಿಥಿಯಾಗಿ ಸಾಕೋ? ಅದೊಂದೇ ಯೋಚನೆ ಕೊರೆಯತೊಡಗಿತು.

ಕೊರಗುತ್ತಾ ಕೂರುವ ಜಾಯಮಾನ ನನ್ನದಲ್ಲ. ಮರುದಿನವೇ ಪಾರ್ಕ್ ರಾಯಲ್‌ನ ಹೋಲ್‌ಸೇಲ್ ಅಂಗಡಿಗೆ ಹೋಗಿ ಬಾಣಂತಿಯ ಉಂಡೆಗೆಂದು ಅಂಟು, ಉತ್ತತ್ತಿ, ಒಣಕೊಬ್ಬರಿ ತಂದೆ. ಅಂಟು ಹುರಿಯುತ್ತಿದ್ದರೆ, ನಮ್ಮವರು ಅಡುಗೆಮನೆಯ ಮೇಜಿನ ಮುಂದೆ ಕೂತು ಆ ಊರಿನ ವಿಮಾನ ನಿಲ್ದಾಣದ ಸೂಚನೆಗಳನ್ನು ಓದಿ ಹೇಳುತ್ತಿದ್ದರು. ಮೊಣಕಾಲಿನ ಆಪರೇಷನ್ ಆಗಿದ್ದರಿಂದ ಅವರು ಬರುವಂತಿರಲಿಲ್ಲ. ಆ ಸಿಟ್ಟನ್ನೆಲ್ಲ ಓದಿನಲ್ಲಿ ತೀರಿಸಿಕೊಳ್ಳುತ್ತಿದ್ದರು.

"ಕೆಫೆ ಇಲ್ಲಂತ. ಒಂದು ಕಾಫಿ ಮಷಿನ್ ಅದ. ವಿಮಾನ ಬಂದು ಹೋದ ಮ್ಯಾಲೆ ಬಾಗಲಾ ಹಾಕಿಬಿಡ್ತಾರಂತ."

"ನಮ್ಮ ಬಸ್ ಸ್ಟ್ಯಾಂಡಿನ್ಯಾಗ ಚಹಾದ ಅಂಗಡಿನರೆ ಇರ್ತದ," ಎಂದೆ.

"ಗಾಳಿ ಜೋರಾದ್ರ ವಿಮಾನ ಇಳೀದನ ಹೊಳ್ಳಿ ಹೋಗ್ತದಂತ. ಇಳಿದ್ರ ಬಯಲಾಗ ನಡಕೋತ ಹೋಗಬೇಕು. ದಪ್ಪ ಕೋಟು ಮೈಮ್ಯಾಲೆ ಇರ್ಲಿ, ಪೆಟ್ಟಿಗ್ಯಾಗ ಇಡಬ್ಯಾಡ್ರಿ ಅಂತ ದೊಡ್ಡ ಅಕ್ಷರದಾಗ ಬರದಾರ. ಕೇಳಿಸ್ತೇನು?"

ಕೇಳಿಸಿತ್ತು. ಆದರೆ ನಾನು ತಂದಿಟ್ಟಿದ್ದ ದಪ್ಪ ಕೋಟು ಎರವಲಿನದು. ಪಕ್ಕದ ಸ್ಟ್ಯಾನ್ಮೋರಿನಲ್ಲಿರುವ ಮೈಸೂರಿನ ಗೆಳತಿ ಹಿಮದಲ್ಲಿ ಆಡಲು ಹೋಗುವಾಗ ಹಾಕಿಕೊಳ್ಳುವ ಕೋಟು, ಹಾಲಿನಷ್ಟು ಬಿಳಿ. ಬೇರೆಯವರ ವಸ್ತು, ನನ್ನ ಕೈತುಂಬ ಅರಿಶಿನ, ಎಣ್ಣೆ, ಬೆಲ್ಲ. ಒಂದು ಕಲೆ ಬಿದ್ದರೆ ಯಾವ ಮುಖ ಹೊತ್ತು ವಾಪಸು ಕೊಡಲಿ? ನಮ್ಮವರು ಅತ್ತ ಹೋದದ್ದೇ ಅದನ್ನು ಹಾಳೆಯಲ್ಲಿ ಸುತ್ತಿ ದೊಡ್ಡ ಪೆಟ್ಟಿಗೆಯ ತಳಕ್ಕೆ ಸೇರಿಸಿದೆ. ಚಿಕ್ಕ ಪೆಟ್ಟಿಗೆಯಲ್ಲಿ ಬಾಣಂತನದ ಸಾಮಾನು: ಉಂಡೆಯ ಡಬ್ಬಿ, ಓಮ, ಬಜೆ, ಶುಂಠಿ, ಮಗುವಿಗೆ ಹಳೆಯ ಪಂಚೆಯ ಬಟ್ಟೆಗಳು.

ಹೊರಡುವ ತನಕ ದಿನಾ ಫೋನಿನಲ್ಲಿ ಮಗಳ ಜೊತೆ ಒಂದೇ ಜಗಳ. "ಕಿವಿ ಕಟ್ಕೊ. ಬಾಣಂತಿ ಕಿವಿಗೆ ಗಾಳಿ ಬೀಳಬಾರದು." ಇದು ಯಾವ ವೈದ್ಯಕೀಯ ಪುಸ್ತಕದಲ್ಲಿದೆ ಎಂದು ಅವಳು ಕೇಳುತ್ತಿದ್ದಳು. ಅವಳಪ್ಪನೂ ಡಾಕ್ಟರೇ ಆದದ್ದರಿಂದ ಪಕ್ಕದಲ್ಲಿ ಕೂತು ನಗುತ್ತಿದ್ದರು. ಅವಳು ಉತ್ತರಕ್ಕೆ ಹೊರಟಾಗ ನಾನು ಉಟ್ಟು ಮೆತ್ತಗಾಗಿದ್ದ ನೇರಳೆ ಹತ್ತಿ ಸೀರೆಯೊಂದನ್ನು ಅವಳ ಪೆಟ್ಟಿಗೆಯೊಳಗೆ ತುರುಕಿದ್ದೆ. ಯಾವುದಕ್ಕಾದರೂ ಬರುತ್ತದೆ ಎಂದರೆ, ಹಿಮ ಒರೆಸುವುದಕ್ಕಾ ಎಂದು ನಕ್ಕಿದ್ದಳು. ಈಗ ಅದನ್ನು ನೆನಪಿಸಿ, ಅದನ್ನೇ ಹರಿದು ಕಟ್ಟಿಕೋ ಎಂದೆ. ಅವಳು ಮಾತು ಬದಲಿಸಿದಳು. ನಾನೂ ಹಟ ಬಿಡದೆ, ಏರ್‌ಪೋರ್ಟಿಗಂತೂ ನೀನು ಬರಕೂಡದು, ಅಳಿಯ ಒಬ್ಬನೇ ಬರಲಿ ಎಂದು ಖಡಾಖಂಡಿತವಾಗಿ ಹೇಳಿ ಫೋನು ಇಟ್ಟೆ.

ಕೊನೆಯ ವಿಮಾನ ಬದಲಿಸುವ ಕಡೆ ಕೌಂಟರಿನ ಹುಡುಗಿ ನನ್ನ ಎರಡು ಪೆಟ್ಟಿಗೆಗಳನ್ನು ನೋಡಿದಳು. ಇದು ಚಿಕ್ಕ ವಿಮಾನ, ಇವತ್ತು ಭಾರ ಹೆಚ್ಚಾಗಿದೆ, ಒಂದೇ ಪೆಟ್ಟಿಗೆ ಹೋಗುತ್ತದೆ, ಇನ್ನೊಂದು ನಾಳೆ ಬರುತ್ತದೆ ಎಂದಳು. ನಾನು ಹಿಂದೆಮುಂದೆ ನೋಡದೆ ಬಾಣಂತನದ ಪೆಟ್ಟಿಗೆಯನ್ನು ಮುಂದೆ ನೂಕಿದೆ. ನಾಳೆ ಬರಬೇಕಾದ ದೊಡ್ಡದು ಬೆಲ್ಟಿನ ಮೇಲೆ ಒಳಗೆ ಸರಿದು ಹೋದ ಮೇಲೆ ಕೋಟು ನೆನಪಾಯಿತು. ಕೂಗಿ ಪ್ರಯೋಜನವಿರಲಿಲ್ಲ.

ವಿಮಾನ ಗಾಳಿಗೆ ಮೊರದಲ್ಲಿನ ಅಕ್ಕಿಯ ಹಾಗೆ ನಮ್ಮನ್ನು ಕೇರಿ ಕೇರಿ ಕೊನೆಗೆ ಇಳಿಯಿತು. ಮೆಟ್ಟಿಲ ಬಳಿ ನಿಂತು ನೋಡಿದರೆ ಕಡುನೀಲಿ ಮಬ್ಬು ಬೆಳಕು, ಹಿಮ, ದೂರದಲ್ಲಿ ದೀಪ ಹಚ್ಚಿದ ಕೆಂಪು ಕಟ್ಟಡ. ಸೀರೆ, ಸ್ವೆಟರು, ಶಾಲು, ತಲೆಗೆ ನಮ್ಮವರ ಮಂಕಿ ಕ್ಯಾಪು. ನನ್ನ ವೇಷಕ್ಕೆ ನನಗೇ ನಗು ಬಂತು, ಆದರೆ ಹಲ್ಲು ಕಟಕಟ ಅನ್ನುತ್ತಿದ್ದರಿಂದ ನಗಲಾಗಲಿಲ್ಲ. ಹೇಗೋ ಓಡಿ ಒಳಗೆ ಸೇರಿದೆ. ನಮ್ಮವರು ಓದಿದ್ದೆಲ್ಲ ನಿಜ. ಮನೆಯ ಹಾಲ್‌ನಷ್ಟು ಜಾಗ, ಮರದ ಬೆಂಚು, ಕಾಫಿ ಮಷಿನ್, ಸಾಮಾನು ಬರಲು ಗೋಡೆಯಲ್ಲಿ ಒಂದು ಕಿಂಡಿ.

ಬೆಂಚಿನ ಮೇಲೆ ಅಳಿಯ ಮಗುವನ್ನು ಎದೆಗವಚಿಕೊಂಡು ಕೂತಿದ್ದ. ಪಕ್ಕದಲ್ಲೇ ಮಗಳು! ಇಷ್ಟು ಹೇಳಿದರೂ, ಹಸಿ ಬಾಣಂತಿ, ಈ ಗಾಳಿಯಲ್ಲಿ! ಅವಳ ಮುಖ ನೋಡಿ ಆದ ಸಂತೋಷವೆಲ್ಲ ಸಿಟ್ಟಿಗೆ ತಿರುಗಿತು. ಬಾಯಿ ತೆರೆದೆ.

ಅವಳು ಎದ್ದು ಜಾಕೆಟ್ಟಿನ ಟೋಪಿಯನ್ನು ಹಿಂದಕ್ಕೆ ಸರಿಸಿದಳು. ಒಳಗೆ, ತಲೆ ಕಿವಿ ಸುತ್ತಿ ಗದ್ದದ ಕೆಳಗೆ ಗಂಟು ಹಾಕಿದ್ದ ನನ್ನ ನೇರಳೆ ಸೀರೆಯ ತುಂಡು.

"ಬೈಬ್ಯಾಡ ಅವ್ವಾ," ಎಂದಳು ಕನ್ನಡದಲ್ಲಿ. "ಕಿವಿ ಕಟ್ಕೊಂಡ ಬಂದೀನಿ."

ನನಗೆ ಅಳು ತಡೆಯಲಾಗಲಿಲ್ಲ. ಗಂಟು ಬೇರೆ ಸಡಿಲಾಗಿತ್ತು, ಪಾಪ, ಅವಳಿಗೆ ಯಾರು ಕಲಿಸಿದ್ದರು? ಮರಗಟ್ಟಿದ ಬೆರಳುಗಳಿಂದಲೇ ಅದನ್ನು ಬಿಚ್ಚಿ, ಎರಡೂ ಕಿವಿ ಮುಚ್ಚುವ ಹಾಗೆ ಬಿಗಿಯಾಗಿ ಕಟ್ಟತೊಡಗಿದೆ. ಕಟ್ಟಿ ಮುಗಿಯುವ ತನಕ ಅವಳು ತಲೆ ಬಗ್ಗಿಸಿ ಸುಮ್ಮನೆ ನಿಂತಿದ್ದಳು.