ಅಲಮಾರಿನ ಒಳಬಾಗಿಲು

೧೯೮೭ರಲ್ಲಿ ಉಡುಪಿಯಿಂದ ಸಿಡ್ನಿಯ ಮ್ಯಾರಿಕ್‌ವಿಲ್‌ಗೆ ಬಂದ ಭಾಗೀರಥಿಗೆ ಬರುತ್ತಿದ್ದ ಇಂಗ್ಲಿಷ್ ಅಂಗಡಿಗೆ ಸಾಲುವಷ್ಟು ಮಾತ್ರ. ಗಂಡ ನಾರಾಯಣ ಚಾಟ್ಸ್‌ವುಡ್ಡಿನ ಆಫೀಸಿಗೆ ರೈಲು ಹತ್ತಿದನೆಂದರೆ ಸಂಜೆಯವರೆಗೆ ಅವಳ ಬಾಯಿಗೆ ಕೆಲಸವಿರಲಿಲ್ಲ. ಒಂದು ದಿನ ಬೇಲಿಯಾಚೆ ಬಟ್ಟೆ ಒಗೆಯುತ್ತಿದ್ದ ಪೋರ್ಚುಗಲ್ಲಿನ ಮುದುಕಿ ಲೂರ್ದೆಸ್, ಕೈಜಾರಿ ಈಚೆ ಬಿದ್ದದ್ದನ್ನು ತೋರಿಸಿ “ಸಬಾಂವ್” ಎಂದಳು.

“ಸಾಬೂನು!” ಭಾಗೀರಥಿ ಕೂಗಿಯೇಬಿಟ್ಟಳು.

ಅಂದಿನಿಂದ ಇಬ್ಬರೂ ಲೂರ್ದೆಸಳ ಅಡುಗೆಮನೆಯಲ್ಲಿ ಒಂದೊಂದೇ ವಸ್ತುವನ್ನು ಮುಟ್ಟುತ್ತ ಹೋದರು. ಮೇಜ, ಮೇಜು. ಶಾವ್, ಚಾವಿ. ಅಲ್ಲಿದ್ದ ಅಲಮಾರಿನ ಬಾಗಿಲಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಎಡಕ್ಕೆ ಅವಳ ಲಿಪಿ, ಬಲಕ್ಕೆ ಇವಳದು. ಇಸ್ತ್ರಿಗೆ ಒಂದು ವಾರ ಹಿಡಿಯಿತು; ಕೊನೆಗೆ ಲೂರ್ದೆಸ್ ಸುಕ್ಕಾದ ಹೊದಿಕೆಯ ಎರಡು ತುದಿ ಹಿಡಿದು ಎಳೆದು “ಇಶ್ತಿರಾರ್” ಎಂದಾಗ, ಎಳೆದು ನೆಟ್ಟಗೆ ಮಾಡುವುದೇ ಅದರ ಅರ್ಥವೆಂದು ತೀರ್ಮಾನವಾಯಿತು. ಪಗಾರವೆಂದರೆ ಅವಳ ಭಾಷೆಯಲ್ಲಿ ಹಣ ಕೊಡುವುದು, ಇವಳದರಲ್ಲಿ ಪಡೆಯುವುದು. ಹೀಗೆ ಮೂವತ್ತೊಂದು ಪದ. ಲೂರ್ದೆಸ್ ದಿನವೂ ಹೇಳುತ್ತಿದ್ದ “ಒಬ್ರಿಗಾದ” ಮಾತ್ರ ಬಾಗಿಲು ಹತ್ತಲಿಲ್ಲ. ಉಪಕಾರವಾಯಿತೆಂಬುದಕ್ಕೆ ಅಂಥ ಜೋಡಿ ಭಾಗೀರಥಿಯ ಬಳಿ ಇರಲಿಲ್ಲ.

೧೯೯೨ರಲ್ಲಿ ಲೂರ್ದೆಸಳ ಮಗಳು ತೆರೇಸಾ ತಾಯಿಯನ್ನು ಮೆಲ್ಬರ್ನ್‌ಗೆ ಕರೆದೊಯ್ದಳು. ಫೋನಿನಲ್ಲಿ ವಸ್ತುಗಳನ್ನು ಮುಟ್ಟಿ ತೋರಿಸಲಾಗದು. ಭಾನುವಾರದ ಮಾತು ಎರಡೇ ನಿಮಿಷಕ್ಕೆ ಮುಗಿಯುತ್ತಿತ್ತು. ೧೯೯೪ರ ಆಗಸ್ಟಿನಲ್ಲಿ ಲೂರ್ದೆಸ್ ತೀರಿಕೊಂಡಳು. ತಿಂಗಳ ಬಳಿಕ ತೆರೇಸಾ ಬಂದು ಮನೆ ಖಾಲಿ ಮಾಡಿದಳು. ಬೇಡದ ಸಾಮಾನು ಹೊರುವ ಕೌನ್ಸಿಲಿನ ಲಾರಿ ಒಯ್ಯಲೆಂದು ಅಲಮಾರು ರಸ್ತೆಬದಿಯ ಹುಲ್ಲಿಗೆ ಬಂತು.

“ಆ ಬಾಗಿಲೊಂದು ನಂಗೆ ಬೇಕು ಮಾರಾಯ್ರೆ,” ಎಂದಳು ಭಾಗೀರಥಿ ಗಂಡನಿಗೆ.

“ನಿಂಗೆಂತ ಮರುಳಾ? ರಸ್ತೆಯ ಕಸ ಹೆಕ್ಕಿದ್ರೆ ಊರಿಡೀ ನಗ್ತದೆ.”

“ನಗ್ಲಿ. ಅವ್ರು ನಕ್ಕು ಹೇಳುವ ಇಂಗ್ಲಿಷ್ ನಂಗೆಲ್ಲಿ ಅರ್ಥ ಆಗ್ತದೆ?”

ನಾರಾಯಣ ಸ್ಕ್ರೂಡ್ರೈವರ್ ತಂದ. ಭಾಗೀರಥಿ ಬಾಗಿಲು ತೆರೆದಳು. ಒಳಗೆ ಬರಿಯ ಮರ, ಒಂದಕ್ಷರವೂ ಇರಲಿಲ್ಲ. ನಕಲು ಮಾಡಿಟ್ಟುಕೊಳ್ಳಬೇಕೆಂದು ಅವಳಿಗೆ ಎಂದೂ ಹೊಳೆದಿರಲಿಲ್ಲ.

ತೆರೇಸಾ ಹೊರಬಂದು ನಗುತ್ತ ಏನೋ ಹೇಳಿದಳು. ನಾರಾಯಣ ತಗ್ಗಿದ ದನಿಯಲ್ಲಿ ವಿವರಿಸಿದ: “ಲಾರಿ ಬರುವ ಮೊದ್ಲು ಯಾರಾದ್ರೂ ತಕೊಂಡು ಹೋದ್ರೆ ಚಂದ ಇರ್ಲಿ ಅಂತ ಈಗಷ್ಟೇ ಸಾಬೂನು ಹಾಕಿ ಉಜ್ಜಿದ್ಳಂತೆ. ಅಮ್ಮನಿಗೆ ಕೊಳಕು ಆಗ್ತಿರ್ಲಿಲ್ಲ ಅಂತಾಳೆ.”

ಭಾಗೀರಥಿ ಮರದ ಮೇಲೆ ಕೈಯಾಡಿಸಿದಳು. ಇನ್ನೂ ತೇವವಿತ್ತು. ನಾರಾಯಣ ಸ್ಕ್ರೂಡ್ರೈವರನ್ನು ಜೇಬಿಗೆ ಇಳಿಸಿದ. ಅವಳು ತೆರೇಸಾಳ ಒದ್ದೆ ಕೈಗಳನ್ನು ಹಿಡಿದು, ಏಳು ವರ್ಷಗಳಲ್ಲಿ ಮೊದಲ ಬಾರಿಗೆ, “ಒಬ್ರಿಗಾದ” ಎಂದಳು.

ಅಲ್ಲಿಯವರೆಗೆ ನಗುತ್ತಿದ್ದ ತೆರೇಸಾ ಅಲಮಾರಿಗೆ ಒರಗಿ ಅತ್ತಳು.